ಕೊಸರು ಯಾರ ಕೈಯಿಂದ?

ಅಂಗಡಿಯಲ್ಲಿ ಬೆಲ್ಲ ತೂಗಿ ಆದ ಮೇಲೆ ಇನ್ನೊಂದು ಸಣ್ಣ ಚೂರನ್ನು ತಕ್ಕಡಿಗೆ ಹಾಕುವುದಕ್ಕೆ ಕನ್ನಡದಲ್ಲಿ ಕೊಸರು ಅನ್ನುತ್ತಾರೆ. ತೆಲುಗಿನಲ್ಲೂ ಅದೇ ಮಾತು. ನಮ್ಮ ಉಪ್ಪ ಬಂಟ್ವಾಳ ಕಡೆಯಿಂದ ಆದೋನಿಗೆ ಬಂದು ಜೀನಸು ಅಂಗಡಿ ಇಟ್ಟಾಗ ಅವರಿಗೆ ತೆಲುಗು ಬರುತ್ತಿರಲಿಲ್ಲ. ಗಿರಾಕಿಗಳ ಬಾಯಲ್ಲಿ ಮೊದಲು ಗುರುತು ಸಿಕ್ಕಿದ ಮಾತು ಇದೇ ಎಂದು ಈಗಲೂ ಹೇಳುತ್ತಾರೆ. ಮನೆಯಲ್ಲಿ ಬ್ಯಾರಿ, ಗಲ್ಲಾದಲ್ಲಿ ತೆಲುಗು, ಮಸೀದಿಯ ಅಂಗಳದಲ್ಲಿ ದಖನಿ ಉರ್ದು, ಹೊಳಗುಂದ, ಕೌತಾಳಂ ಕಡೆಯ ರೈತರೊಡನೆ ಕನ್ನಡ. ನಾಲ್ಕರಲ್ಲಿ ಎರಡು ಭಾಷೆಗೆ ಕೊಸರು ಒಂದೇ.

ಈಗ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬೇರೊಂದು ಕೊಸರಿನ ಮಾತು ನಡೆಯುತ್ತಿದೆ. ಯಾವ ಕ್ರೆಡಿಟ್ ಕಾರ್ಡ್ ತೆಗೆದುಕೊಂಡರೆ ಎಷ್ಟು ಪಾಯಿಂಟ್, ಎಷ್ಟು ಪಾಯಿಂಟಿಗೆ ಒಂದು ವಿಮಾನ ಟಿಕೆಟ್, ಯಾವ ಕಾರ್ಡಿಗೆ ಏರ್‌ಪೋರ್ಟಿನ ಲೌಂಜಿನಲ್ಲಿ ಊಟ ಪುಕ್ಕಟೆ. ತಮ್ಮಂದಿರು ಅದರಲ್ಲಿ ಪಂಡಿತರಾಗಿದ್ದಾರೆ. ನನಗೂ ಒಂದು ಕಾರ್ಡ್ ಇದೆ, ಅದರ ಪಾಯಿಂಟಿನಲ್ಲಿ ಉಪ್ಪ ಉಮ್ಮನನ್ನು ದಿಲ್ಲಿ ತೋರಿಸಿ ತಂದಿದ್ದೇನೆ. ಆ ಪ್ರವಾಸದಲ್ಲಿ ಉಪ್ಪ ಕೇಳಿದ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ ಚರಿತ್ರೆ ಇದು. ಪ್ರಶ್ನೆ ಇಷ್ಟೇ: "ಈ ಟಿಕೆಟಿನ ದುಡ್ಡು ಕೊಟ್ಟದ್ದು ಯಾರು?"

ಮೊದಲು ಊರಿನ ವಿಷಯ ಹೇಳಬೇಕು. ಆದೋನಿ ಎಂದರೆ ಹತ್ತಿ. ಹಳಬರು ಆದವಾನಿ ಅನ್ನುತ್ತಾರೆ. ವಿಜಯನಗರದವರು, ಬಿಜಾಪುರದ ಆದಿಲ್‌ಶಾಹಿಗಳು, ಮೊಗಲರು, ಹೈದರಾಬಾದಿನ ನಿಜಾಮರು, 1786ರಲ್ಲಿ ಟಿಪ್ಪು, 1800ರಲ್ಲಿ ಕಂಪನಿ, ಹೀಗೆ ಈ ಬೆಟ್ಟದ ಕೋಟೆಗೆ ಬಂದು ಹೋದವರು ಬಹಳ. ಯಾರೂ ತಿರುಗಾಡಲು ಬಂದವರಲ್ಲ. 1871ರಲ್ಲಿ ಮದ್ರಾಸಿನ ರೈಲು ಮತ್ತು ಬೊಂಬಾಯಿಯ ರೈಲು ರಾಯಚೂರಿನಲ್ಲಿ ಕೂಡಿಕೊಂಡವು, ಆದೋನಿ ಆ ದಾರಿಯ ಸ್ಟೇಷನ್ನಾಯಿತು. ಆಮೇಲೆ ಹತ್ತಿ ಬೇಲುಗಳು ಪ್ರಯಾಣ ಮಾಡಿದವು, ಅದರ ಹಿಂದೆ ವ್ಯಾಪಾರಿಗಳು ಮಾಡಿದರು. ಮದುವೆ, ಮರಣ, ಮಂತ್ರಾಲಯ, ಅಜ್ಮೀರ್, ಹಜ್ಜ್, ಕೂಲಿ, ವ್ಯಾಪಾರ. ಇವುಗಳಲ್ಲಿ ಒಂದು ಕಾರಣವಿಲ್ಲದೆ ರೈಲು ಹತ್ತುವುದು ಇಲ್ಲಿಯವರಿಗೂ ಗೊತ್ತಿರಲಿಲ್ಲ, ಕರಾವಳಿಯ ನಮ್ಮವರಿಗೂ ಗೊತ್ತಿರಲಿಲ್ಲ. ಬ್ಯಾರಿಗಳು ತಿರುಗದ ಊರಿಲ್ಲ ಅನ್ನುತ್ತೇವೆ, ಆದರೆ ತಿರುಗಿದ್ದೆಲ್ಲ ದುಡಿಮೆಗೆ.

1953 ಎಂಬ ಇಸವಿ ಈ ಕತೆಯಲ್ಲಿ ಎರಡು ಸಲ ಬರುತ್ತದೆ. ಆ ವರ್ಷ ಆಗಸ್ಟ್ 1ರಂದು ದೇಶದ ವಿಮಾನ ಕಂಪನಿಗಳನ್ನೆಲ್ಲ ಸರಕಾರ ವಶಕ್ಕೆ ತೆಗೆದುಕೊಂಡು ಎರಡು ನಿಗಮ ಮಾಡಿತು. ಸರಿಯಾಗಿ ಎರಡು ತಿಂಗಳಿಗೆ, ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಅದುವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು, ಬಳ್ಳಾರಿ ಮೈಸೂರಿಗೆ ಹೋಯಿತು. ಆದೋನಿಯ ಕನ್ನಡದವರು ಕೂತಲ್ಲೇ ಬೇರೆ ರಾಜ್ಯದವರಾದರು. ವಿಮಾನಕ್ಕೂ ಆದೋನಿಗೂ ಆಗ ಯಾವ ಸಂಬಂಧವೂ ಇರಲಿಲ್ಲ ಬಿಡಿ.

ಕಾರ್ಡಿನ ಕತೆಗೆ ಕರಾವಳಿಗೆ ಬರಬೇಕು. 1906ರಲ್ಲಿ ಉಡುಪಿಯಲ್ಲಿ ಖಾನ್ ಬಹದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಮುಂದೆ ನಿಂತು ಕಟ್ಟಿದ್ದು ಕಾರ್ಪೊರೇಷನ್ ಬ್ಯಾಂಕು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಬ್ಯಾಂಕು. 1925ರಲ್ಲಿ ಉಡುಪಿಯಲ್ಲೇ ಮುಂದೆ ಸಿಂಡಿಕೇಟ್ ಆದ ಬ್ಯಾಂಕು. ಈ ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಶುರು ಮಾಡಿದರು. ಏಜೆಂಟ್ ದಿನಾ ಅಂಗಡಿಗೆ, ಮನೆಗೆ ಬರುವುದು, ಎರಡಾಣೆ ಆದರೂ ಸರಿ, ಪುಸ್ತಕದಲ್ಲಿ ಬರೆದುಕೊಂಡು ಹೋಗುವುದು. ನಮ್ಮ ಅಂಗಡಿಗೂ ಸಂಜೆ ಪಿಗ್ಮಿಯವರು ಬರುತ್ತಿದ್ದರು. ಗಲ್ಲಾದಿಂದ ನೋಟು ತೆಗೆದು ಕೊಡುವ ಕೆಲಸ ನನ್ನದು. ಮೊದಲು ಕೂಡಿಡು, ಆಮೇಲೆ ಖರ್ಚು ಮಾಡು ಎಂಬ ಲೆಕ್ಕ ಅದು. ನನ್ನ ಡಿಪ್ಲೊಮಾದ ಫೀಸು ಹೋದದ್ದು ಪಿಗ್ಮಿಯಿಂದ.

ಕ್ರೆಡಿಟ್ ಕಾರ್ಡ್ ಅದನ್ನು ತಲೆಕೆಳಗು ಮಾಡಿತು. ಅಮೆರಿಕದಲ್ಲಿ 1950ರಲ್ಲಿ ಡೈನರ್ಸ್ ಕ್ಲಬ್ ಹೋಟೆಲ್ ಊಟದ ಬಿಲ್ಲಿಗೆಂದು ಕಾರ್ಡ್ ತಂದಿತು, 1961ರಲ್ಲಿ ಅದು ಭಾರತಕ್ಕೆ ಬಂತು, ಆದರೆ ದೊಡ್ಡ ಸಾಹೇಬರಿಗೆ ಮಾತ್ರ. ನಮ್ಮ ದೇಶದ ಬ್ಯಾಂಕುಗಳಲ್ಲಿ 1980ರಲ್ಲಿ ಸೆಂಟ್ರಲ್ ಬ್ಯಾಂಕು, 1981ರಲ್ಲಿ ಆಂಧ್ರ ಬ್ಯಾಂಕು, 1987ರಲ್ಲಿ ಕೆನರಾ ಬ್ಯಾಂಕಿನ ಕ್ಯಾನ್‌ಕಾರ್ಡ್. ಆಂಧ್ರ ಬ್ಯಾಂಕು 1923ರಲ್ಲಿ ಮಚಲಿಪಟ್ಟಣದಲ್ಲಿ ಪಟ್ಟಾಭಿ ಸೀತಾರಾಮಯ್ಯನವರು ಕಟ್ಟಿದ್ದು. ಉಡುಪಿಯ ಹಾಜಿ ಸಾಹೇಬರ ಬ್ಯಾಂಕು, ಮಚಲಿಪಟ್ಟಣದ ಈ ಬ್ಯಾಂಕು ಎರಡೂ ಒಂದೇ ದಿನ, 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ಲೀನವಾದವು. ಕರಾವಳಿಯಿಂದ ಆಂಧ್ರಕ್ಕೆ ಬಂದ ನಮ್ಮಂಥ ಕುಟುಂಬಕ್ಕೆ ಇದು ಎರಡೂ ಕಡೆಯ ನೆಂಟರು ಒಂದೇ ದಿನ ತೀರಿಕೊಂಡ ಹಾಗೆ. ಸಿಂಡಿಕೇಟ್ ಕೂಡ ಅದೇ ದಿನ ಕೆನರಾದೊಳಗೆ ಹೋಯಿತು.

ಪಾಯಿಂಟ್ ಹುಟ್ಟಿದ್ದು ಮಾತ್ರ ಬ್ಯಾಂಕಿನಲ್ಲಲ್ಲ, ವಿಮಾನದಲ್ಲಿ. ಅಮೆರಿಕದಲ್ಲಿ 1978ರಲ್ಲಿ ವಿಮಾನ ದರದ ಮೇಲಿನ ಸರಕಾರಿ ಹಿಡಿತ ಹೋಯಿತು, ಕಂಪನಿಗಳು ಗಿರಾಕಿಗಾಗಿ ಕಿತ್ತಾಡತೊಡಗಿದವು. 1981ರ ಮೇ ತಿಂಗಳಲ್ಲಿ ಅಮೆರಿಕನ್ ಏರ್‌ಲೈನ್ಸ್ ಒಂದು ಯೋಜನೆ ತಂದಿತು. ನಮ್ಮ ವಿಮಾನದಲ್ಲೇ ಹಾರಿ, ಹಾರಿದ ಮೈಲುಗಳನ್ನು ಬರೆದಿಡುತ್ತೇವೆ, ಸಾಕಷ್ಟು ಆದಾಗ ಒಂದು ಟಿಕೆಟ್ ಕೊಡುತ್ತೇವೆ. ಖಾಲಿ ಹೋಗುವ ಸೀಟನ್ನು ಹಳೆಯ ಗಿರಾಕಿಗೆ ಕೊಟ್ಟರೆ ನಷ್ಟ ಕಡಿಮೆ, ಅವನು ಬೇರೆ ಅಂಗಡಿಗೆ ಹೋಗುವುದಿಲ್ಲ. ಇಲ್ಲಿಯವರೆಗೆ ಇದು ಉಪ್ಪನ ಬೆಲ್ಲದ ಚೂರೇ. 1987ರಲ್ಲಿ ಅದೇ ಕಂಪನಿ ಸಿಟಿಬ್ಯಾಂಕಿನ ಜೊತೆ ಕಾರ್ಡ್ ಮಾಡಿತು, ಅಲ್ಲಿಗೆ ವಿಷಯ ಬದಲಾಯಿತು. ಬ್ಯಾಂಕು ವಿಮಾನ ಕಂಪನಿಯಿಂದ ಮೈಲುಗಳನ್ನು ದುಡ್ಡು ಕೊಟ್ಟು ಕೊಳ್ಳುತ್ತದೆ, ಕಾರ್ಡ್ ಉಜ್ಜಿದವರಿಗೆ ಹಂಚುತ್ತದೆ. ವಿಮಾನ ಹತ್ತದವನಿಗೂ ಮೈಲು.

ನಮ್ಮಲ್ಲಿ 1990ರ ನಂತರ ಖಾಸಗಿ ವಿಮಾನಗಳು ಬಂದ ಮೇಲೆ ಇದೂ ಬಂತು. ಜೆಟ್ ಏರ್‌ವೇಸಿನದು ಜೆಟ್‌ಪ್ರಿವಿಲೇಜ್, ಕಿಂಗ್‌ಫಿಷರಿನದು ಕಿಂಗ್ ಕ್ಲಬ್, ಏರ್ ಇಂಡಿಯಾದ್ದು ಫ್ಲೈಯಿಂಗ್ ರಿಟರ್ನ್ಸ್. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರಿನ ಲೈಸೆನ್ಸ್ ಅಮಾನತಾಯಿತು, ಅದರ ವಿಮಾನ ಮತ್ತೆ ಹಾರಲಿಲ್ಲ. 2019ರ ಏಪ್ರಿಲ್ 17ರಂದು ಜೆಟ್ ನಿಂತಿತು. ಅದರ ಪಾಯಿಂಟ್ ಯೋಜನೆ ಬೇರೆ ಕಂಪನಿಯಾಗಿದ್ದರಿಂದ ಇಂಟರ್‌ಮೈಲ್ಸ್ ಎಂದು ಹೆಸರು ಬದಲಿಸಿಕೊಂಡು ಉಳಿಯಿತು, ಹಾರಲು ಜೆಟ್ ವಿಮಾನ ಮಾತ್ರ ಇರಲಿಲ್ಲ. ಪಿಗ್ಮಿಯ ಬ್ಯಾಂಕು ಬೇರೆ ಬ್ಯಾಂಕಿನಲ್ಲಿ ಸೇರಿದಾಗ ಒಬ್ಬರದೂ ಒಂದು ಪೈಸೆ ಹೋಗಲಿಲ್ಲ. ಪಾಯಿಂಟಿಗೆ ಆ ಭದ್ರತೆ ಇಲ್ಲ. ಕೊಟ್ಟವರು ನಾಳೆ ಅದರ ಬೆಲೆ ಅರ್ಧ ಮಾಡಿದರೂ ಕೇಳುವ ಹಾಗಿಲ್ಲ, ಕರಾರಿನಲ್ಲೇ ಹಾಗೆ ಬರೆದಿರುತ್ತದೆ.

ಇಲ್ಲೊಂದು ಮಾತು ಹೇಳಲೇಬೇಕು. ಬ್ಯಾರಿ ಮನೆಗಳಲ್ಲಿ ವಿಮಾನ ಹತ್ತಿದ ತಲೆಗಳನ್ನು ಎಣಿಸಿದರೆ ಹೆಚ್ಚಿನವು ಗಲ್ಫಿಗೆ ಹೋದವು. 2006ರಲ್ಲಿ ಬಜ್ಪೆಯಿಂದ ದುಬೈಗೆ ನೇರ ವಿಮಾನ ಶುರುವಾಗುವ ಮೊದಲು ಬಸ್ಸಿನಲ್ಲಿ ಬೊಂಬಾಯಿಗೆ ಹೋಗಿ ಅಲ್ಲಿಂದ ಹತ್ತಿದವರು ಅವರು. ಆಮೇಲೆ ಅವರು ಕೂತದ್ದು ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನಲ್ಲಿ. ಆ ವಿಮಾನದಲ್ಲಿ ಬಹಳ ವರ್ಷ ಇಂಥ ಪಾಯಿಂಟ್ ಯೋಜನೆಯೇ ಇರಲಿಲ್ಲ. ಇಪ್ಪತ್ತು ವರ್ಷ ಹಾರಿದ ಕಾಕನ ಹತ್ತಿರ ಒಂದು ಪಾಯಿಂಟ್ ಇಲ್ಲ. ಬೆಂಗಳೂರಿನಲ್ಲಿ ಕೂತು ಫ್ರಿಜ್ಜು, ಮೊಬೈಲು ಕೊಂಡ ಅವರ ಮಗನ ಹತ್ತಿರ ಲಕ್ಷ ಪಾಯಿಂಟ್ ಇದೆ.

ಇನ್ನು ದಿಲ್ಲಿ. ನಾನು ಜಿನ್ನಿಂಗ್ ಮಿಲ್ಲಿನಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುವವನು. ಹತ್ತಿಯ ಸೀಸನ್ ಮುಗಿದ ಮೇಲೆ ಬೇರಿಂಗ್, ಬೆಲ್ಟ್, ರೋಲರು ಇವನ್ನೆಲ್ಲ ತರಿಸುವುದು ನನ್ನ ಕೆಲಸ. ಮಾಲೀಕರ ಒಪ್ಪಿಗೆ ಪಡೆದು ಅವುಗಳ ಬಿಲ್ಲನ್ನು ನನ್ನ ಕಾರ್ಡಿನಲ್ಲಿ ಕೊಡುತ್ತಿದ್ದೆ, ಅವರು ಅದೇ ವಾರ ನನ್ನ ಖಾತೆಗೆ ಹಾಕುತ್ತಿದ್ದರು, ನಾನು ಗಡುವಿನ ಮೊದಲೇ ಪೂರ್ತಿ ಕಟ್ಟುತ್ತಿದ್ದೆ. ಮೂರು ವರ್ಷಕ್ಕೆ ಮೂರು ಜನರ ಟಿಕೆಟಿನಷ್ಟು ಪಾಯಿಂಟ್ ಆಯಿತು. ತೆರಿಗೆ ಮಾತ್ರ ಕೈಯಿಂದ. ದಿಲ್ಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಆದೋನಿಯ ಮೇಲೇ ಹಾದು ಹೋಗುವಾಗ, ವಿಮಾನಕ್ಕಾಗಿ ಟ್ಯಾಕ್ಸಿ ಮಾಡಿ ಹೈದರಾಬಾದಿನ ಶಂಶಾಬಾದಿಗೆ ಹೋಗುವುದು ಉಪ್ಪನಿಗೆ ತಮಾಷೆಯಾಗಿ ಕಂಡಿತು. ಟ್ಯಾಕ್ಸಿಯ ಬಾಡಿಗೆ ಕೇಳಿ ನಗು ನಿಂತಿತು.

ಕೆಂಪು ಕೋಟೆ, ಜಾಮಾ ಮಸೀದಿ ಎಲ್ಲರೂ ನೋಡುವಂಥದ್ದು. ನಾನು ಕರೆದುಕೊಂಡು ಹೋಗಬೇಕೆಂದಿದ್ದದ್ದು ಅಜ್ಮೇರಿ ಗೇಟಿನ ಹತ್ತಿರದ ಒಂದು ಹಳೆಯ ಮದರಸಾಕ್ಕೆ. ಈಗ ಅದು ಆಂಗ್ಲೋ ಅರೇಬಿಕ್ ಶಾಲೆ. ಅದನ್ನು ಕಟ್ಟಿಸಿದವರು ಗಾಜಿಯುದ್ದೀನ್ ಖಾನ್ ಫಿರೋಜ್ ಜಂಗ್, ಹೈದರಾಬಾದಿನ ಮೊದಲ ನಿಜಾಮರ ತಂದೆ. ಅವರ ಕಬರು ಅಲ್ಲಿನ ಮಸೀದಿಯ ಪಕ್ಕದಲ್ಲೇ ಇದೆ. ಔರಂಗಜೇಬರ ಪರವಾಗಿ 1688ರಲ್ಲಿ ಆದೋನಿ ಕೋಟೆ ಗೆದ್ದವರು ಇವರೇ. ಆಗ ಕೋಟೆ ಬಿಜಾಪುರದ ಸಿದ್ದಿ ಮಸೂದ್ ಖಾನರ ಕೈಯಲ್ಲಿತ್ತು. ಉಪ್ಪ ಜುಮಾಕ್ಕೆ ಹೋಗುವ ಆದೋನಿಯ ಜಾಮಿಯಾ ಮಸೀದಿ ಕಟ್ಟಿಸಿದವರು ಆ ಮಸೂದ್ ಖಾನರು. ಮೊಗಲರು ಫಿರಂಗಿಯನ್ನು ಮಸೀದಿಯ ಕಡೆ ತಿರುಗಿಸಿದರು, ಮಸೀದಿ ಉಳಿಯಲೆಂದು ಮಸೂದ್ ಖಾನರು ಕೋಟೆ ಬಿಟ್ಟುಕೊಟ್ಟರು ಎಂಬುದು ಊರಿನಲ್ಲಿ ಹೇಳುವ ಕತೆ. ಉಪ್ಪನಿಗೆ ಆ ಕತೆ ಬಾಯಿಪಾಠ. ಗೆದ್ದವರ ಕಬರಿನ ಮುಂದೆ ನಿಂತು ಫಾತಿಹಾ ಓದಿದರು. ಸ್ವಲ್ಪ ಹೊತ್ತಿನ ನಂತರ, "ಸೋತವರ ಮಸೀದಿಯಲ್ಲಿ ನಲವತ್ತು ವರ್ಷ ನಮಾಜು ಮಾಡಿದ್ದೇನೆ, ಇವರಿಗೂ ಒಂದು ದುವಾ ಬಾಕಿ ಇತ್ತು" ಅಂದರು. ಕಾರಣವಿಲ್ಲದ ಪ್ರಯಾಣ ಎಂದರೆ ನನಗೆ ಅದು. ಯಾವ ಮದುವೆಯೂ ನಮ್ಮನ್ನು ಆ ಅಂಗಳಕ್ಕೆ ಕರೆದುಕೊಂಡು ಹೋಗುತ್ತಿರಲಿಲ್ಲ.

ಟಿಕೆಟಿನ ದುಡ್ಡಿನ ಪ್ರಶ್ನೆ ಬಂದದ್ದು ಆ ರಾತ್ರಿ ಲಾಡ್ಜಿನಲ್ಲಿ. ನಾನು ಕಾಗದದಲ್ಲಿ ಬರೆದು ತೋರಿಸಿದೆ. ಗಿರಾಕಿ ₹10,000ದ ಜೀನಸು ಕೊಂಡು ಕ್ರೆಡಿಟ್ ಕಾರ್ಡ್ ಉಜ್ಜಿದ ಅನ್ನಿ. ಯಂತ್ರದ ಶುಲ್ಕ ನೂರಕ್ಕೆ 2 ಎಂದರೆ ₹200, ಅದರ ಮೇಲೆ ಶೇ. 18 ಜಿಎಸ್‌ಟಿ ₹36. ಅಂಗಡಿಗೆ ಬರುವುದು ₹9,764. ಅಕ್ಕಿ, ಬೇಳೆಯಲ್ಲಿ ನೂರಕ್ಕೆ 4 ಸಿಕ್ಕರೆ ಲಾಭ ₹400, ಉಳಿಯುವುದು ₹164. ಆ ₹200ರಲ್ಲಿ ದೊಡ್ಡ ಪಾಲು ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುತ್ತದೆ, ಅದರಲ್ಲಿ ₹100ರಷ್ಟನ್ನು ಅದು ಗಿರಾಕಿಗೆ ಪಾಯಿಂಟಾಗಿ ಕೊಡುತ್ತದೆ. ಕೊಸರು ಕೊಟ್ಟದ್ದು ಅಂಗಡಿಯವ, ಹೆಸರು ಬ್ಯಾಂಕಿಗೆ.

ಅದು ಒಂದು ಪಾಲು. ಇನ್ನೊಂದು ಪಾಲು ಪೂರ್ತಿ ಕಟ್ಟದವರದು. "ಕನಿಷ್ಠ ಮೊತ್ತ" ಮಾತ್ರ ಕಟ್ಟಿ ₹20,000 ಉಳಿಸಿಕೊಂಡರೆ, ತಿಂಗಳಿಗೆ ಶೇ. 3.5ರಂತೆ ₹700, ಜಿಎಸ್‌ಟಿ ₹126, ಒಟ್ಟು ₹826. ಒಂದು ತಿಂಗಳಿಗೆ. ಉಪ್ಪನ ಕಡದ ಪುಸ್ತಕದಲ್ಲಿ ಮೂರು ತಿಂಗಳ ಬಾಕಿ ಇದ್ದವರೂ ಇದ್ದಾರೆ, ಯಾರ ಹೆಸರಿನ ಮುಂದೆಯೂ ಬಡ್ಡಿಯ ಕಾಲಂ ಇಲ್ಲ. ಬಡ್ಡಿ ನಮ್ಮಲ್ಲಿ ಹರಾಮ್ ಎಂಬುದರಲ್ಲಿ ಎರಡು ಮಾತಿಲ್ಲ. ಬಡ್ಡಿ ಬೀಳದ ಹಾಗೆ ಪೂರ್ತಿ ಕಟ್ಟುವ ಕಾರ್ಡ್ ಇಟ್ಟುಕೊಳ್ಳಬಹುದೇ ಎಂಬುದನ್ನು ಉಸ್ತಾದರನ್ನು ಕೇಳಿ, ನನ್ನನ್ನಲ್ಲ. ಡಿಪ್ಲೊಮಾದವನಾಗಿ ನಾನು ಹೇಳಬಲ್ಲದ್ದು ಲೆಕ್ಕ ಮಾತ್ರ: ಪಾಯಿಂಟಿನ ಉಮ್ರಾ ಟಿಕೆಟ್ ಕನಸಿನಲ್ಲಿ ಕಾರ್ಡ್ ತೆಗೆದುಕೊಂಡು ಎರಡು ತಿಂಗಳು ಬಾಕಿ ಉಳಿಸಿಕೊಂಡರೆ, ವರ್ಷದ ಪಾಯಿಂಟೆಲ್ಲ ಅದಕ್ಕೇ ಹೋಗಿಬಿಡಬಹುದು. ಆ ಗುಂಪಿನ ಇಬ್ಬರು ತಮ್ಮಂದಿರಿಗೆ ಕಾರ್ಡ್ ಮುರಿದು ಹಾಕಿ ಎಂದು ನೇರವಾಗಿಯೇ ಹೇಳಿದ್ದೇನೆ, ಒಬ್ಬ ಮಾತು ಬಿಟ್ಟಿದ್ದಾನೆ.

ಕರ್ನೂಲಿಗೂ ಈಗ ವಿಮಾನ ಇದೆ. ಓರ್ವಕಲ್ಲಿನ ಉಯ್ಯಾಲವಾಡ ನರಸಿಂಹ ರೆಡ್ಡಿ ವಿಮಾನ ನಿಲ್ದಾಣ 2021ರ ಮಾರ್ಚ್ ಕೊನೆಗೆ ತೆರೆಯಿತು, ಉಡಾನ್ ಯೋಜನೆಯಲ್ಲಿ ಇಂಡಿಗೋ ಬೆಂಗಳೂರು, ಚೆನ್ನೈ, ವಿಶಾಖಪಟ್ಟಣಕ್ಕೆ ಹಾರಾಟ ಶುರು ಮಾಡಿತು. ಆದೋನಿಯಿಂದ ಅಲ್ಲಿಗೆ ಹೋಗಲು ಕರ್ನೂಲು ದಾಟಿ ಮುಂದೆ ಹೋಗಬೇಕು. ಇಂಡಿಗೋ 2006ರಿಂದ ಪಾಯಿಂಟಿನ ಗೊಡವೆಗೆ ಹೋಗದೆ ಅಗ್ಗದ ಟಿಕೆಟ್ ಮಾರಿಯೇ ದೇಶದ ದೊಡ್ಡ ಕಂಪನಿಯಾಯಿತು, 2024ರಲ್ಲಿ ಬ್ಲೂಚಿಪ್ ಎಂದು ಅದೂ ಶುರು ಮಾಡಿದೆ. ಅದೇ ವರ್ಷ ನವೆಂಬರಿನಲ್ಲಿ ವಿಸ್ತಾರಾ ಏರ್ ಇಂಡಿಯಾದಲ್ಲಿ ಸೇರಿತು, ಅದರ ಪಾಯಿಂಟುಗಳೂ ಸೇರಿದವು.

ಅಂಗಡಿಯಲ್ಲಿ ಈಗ ಯುಪಿಐಯ ಕ್ಯೂಆರ್ ಹಲಗೆ ಇದೆ. 2020ರ ಜನವರಿಯಿಂದ ಬ್ಯಾಂಕ್ ಖಾತೆಯ ಯುಪಿಐಗೆ ವ್ಯಾಪಾರಿ ಶುಲ್ಕ ಇಲ್ಲ, ಗಿರಾಕಿಗೆ ಪಾಯಿಂಟೂ ಇಲ್ಲ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನೂ ಅದಕ್ಕೆ ಜೋಡಿಸಬಹುದು, ಸಣ್ಣ ವ್ಯಾಪಾರಿಗೆ ₹2,000ದವರೆಗೆ ಶುಲ್ಕವಿಲ್ಲ. ಅದಕ್ಕಿಂತ ಹೆಚ್ಚಿನ ಬಿಲ್ಲಿಗೆ ಫೋನು ತೆಗೆದವರನ್ನು ಉಪ್ಪ ಮೊದಲು ಕೇಳುತ್ತಾರೆ, ಬ್ಯಾಂಕಿನದಾ, ಕಾರ್ಡಿನದಾ ಎಂದು. ಬ್ಯಾಂಕಿನದು ಅಂದವರಿಗೆ ಒಂದು ಅಚ್ಚು ಬೆಲ್ಲ.