ಚೆಂಡಿಲ್ಲದವನ ಓಟ

ನಮ್ಮ ಕಡೆಯ ಕುಂಟಾಟ ಓದುಗರಿಗೆ ನೆನಪಿರಬಹುದು. ಒಂದೇ ಕಾಲಲ್ಲಿ ಕುಂಟುತ್ತ ಬೆನ್ನಟ್ಟುವ ಹುಡುಗನಿಗೆ ಓಡುವವರನ್ನು ಮೂಲೆಗೆ ಅಟ್ಟಬೇಕೆಂದು ಯಾರೂ ಪಾಠ ಹೇಳುವುದಿಲ್ಲ. ಒಂದು ಕಾಲನ್ನು ಕಿತ್ತುಕೊಂಡ ನಿಯಮವೇ ಅದನ್ನು ಕಲಿಸಿಬಿಡುತ್ತದೆ. ಫುಟ್‌ಬಾಲಿನಲ್ಲಿ ಇದೇ ಉಪಾಯವನ್ನು ಹೂಡಿದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್.

ಶಾಲಾ ಉಪಾಧ್ಯಾಯರಾಗಿದ್ದ ರಹೀಮ್ 1943ರಲ್ಲಿ ಅಲ್ಲಿನ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. 1950ರಲ್ಲಿ ಸಿಟಿ ಪೊಲೀಸ್ ತಂಡದ ತರಬೇತಿಯನ್ನು ವಹಿಸಿಕೊಂಡರು. ಆ ವರ್ಷದಿಂದ 1954ರವರೆಗೆ ಮುಂಬಯಿಯ ರೋವರ್ಸ್ ಕಪ್ ಸತತವಾಗಿ ಐದು ಬಾರಿ ಆ ತಂಡದ ಪಾಲಾಯಿತು. (ಅದೇ ಕಪ್ಪನ್ನು 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಗೆದ್ದಿತ್ತೆಂಬುದನ್ನು ನಾವು ಕನ್ನಡಿಗರು ಮರೆತಿದ್ದೇವೆ.)

ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಮೂವರನ್ನು ತಪ್ಪಿಸಿ ಓಡುವವನಿಗೆ ಜನ ಚಪ್ಪಾಳೆ ತಟ್ಟುತ್ತಾರೆ. ಅಪಾಯವೆಂದರೆ, ಅವನ ತಂಡದ ಉಳಿದವರೂ ಪ್ರೇಕ್ಷಕರಂತೆ ನಿಂತು ನೋಡತೊಡಗುತ್ತಾರೆ. ರಹೀಮ್ ಉಪದೇಶ ಮಾಡುತ್ತ ಕೂರಲಿಲ್ಲ. ಡ್ರಿಬ್ಲಿಂಗ್ ಮಾಡಕೂಡದೆಂಬ ಕರಾರಿನ ಪಂದ್ಯಾವಳಿಗಳನ್ನೇ ನಡೆಸಿದರು. ಇಂಥ ಆಟದಲ್ಲಿ ಏನಾಗುತ್ತದೆಂದು ಯೋಚಿಸಿ ನೋಡಿ. ಚೆಂಡು ಬಂದ ಮೇಲೆ ಸುತ್ತ ನೋಡಲು ಪುರುಸೊತ್ತಿಲ್ಲ. ಬರುವ ಮೊದಲೇ ನೋಡಿರಬೇಕು. ಎದುರಾಳಿಯ ಬೆನ್ನ ಹಿಂದೆ ಅಡಗಿ ನಿಂತವನಿಗೆ ಚೆಂಡು ಸಿಗದು. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಕಣ್ಣಿಗೆ ಬೀಳಬೇಕು. ಕೊಟ್ಟವನೂ ಸುಮ್ಮನೆ ನಿಲ್ಲುವಂತಿಲ್ಲ. ಹೀಗೆ ಚೆಂಡಿದ್ದವನಿಗಿಂತ ಚೆಂಡಿಲ್ಲದವರ ಓಟವೇ ಆಟವನ್ನು ನಡೆಸುತ್ತದೆ.

ವಾಡಿಕೆಯಲ್ಲದ ಕಾಲಿನಿಂದಲೇ ಒದೆಯಬೇಕೆಂಬ ಪಂದ್ಯಗಳನ್ನೂ ಅವರು ಏರ್ಪಡಿಸಿದ್ದರು. ಬಲಗಾಲು ಮಾತ್ರ ಬಲ್ಲವನಿಗೆ ಮೈದಾನ ಅರ್ಧವೇ. ಅವನು ಯಾವ ಕಡೆ ತಿರುಗುವನೆಂದು ಎದುರಾಳಿಗೆ ಮೊದಲೇ ಗೊತ್ತು. ಪ್ರಯೋಗಶಾಲೆಯಲ್ಲಿ ಒಂದಂಶವನ್ನು ಬಿಗಿಹಿಡಿದು ಉಳಿದದ್ದು ಹೇಗೆ ಬದಲಾಗುತ್ತದೆಂದು ನೋಡುತ್ತಿದ್ದೆವಲ್ಲ, ಆ ಪದ್ಧತಿಯೇ ಇದು.

1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೋಸ್ಲಾವಿಯ ನಮ್ಮವರನ್ನು 10-1ರಿಂದ ಸದೆಬಡಿಯಿತು. ಆ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನರದು. ಬರಿಗಾಲೇ ಸೋಲಿಗೆ ಕಾರಣವೆಂದು ಹೇಳುವುದು ರೂಢಿ. ನಮಗದು ಅರ್ಧ ಸತ್ಯವೆನಿಸುತ್ತದೆ. ಬೂಟು ಕಾಲನ್ನು ಕಾಯಬಹುದು, ಎಲ್ಲಿ ನಿಲ್ಲಬೇಕೆಂದು ಹೇಳಿಕೊಡುವುದಿಲ್ಲ. ಆ ತಂಡಕ್ಕೂ ರಹೀಮರೇ ತರಬೇತುದಾರರು. ನಾಲ್ಕು ವರ್ಷಗಳ ನಂತರ ಮೆಲ್ಬರ್ನಿನಲ್ಲಿ ಅವರ ತಂಡ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ನಾಲ್ಕನೆಯ ಸ್ಥಾನಕ್ಕೇರಿತು. 1962ರ ಜಕಾರ್ತ ಏಷ್ಯನ್ ಕ್ರೀಡೆಗಳಲ್ಲಿ ಬ್ಯಾಕ್ ಆಟಗಾರ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾದಾಗ ಅವರನ್ನು ಹೊರಗಿಡದೆ ಸೆಂಟರ್ ಫಾರ್ವರ್ಡ್ ಸ್ಥಾನಕ್ಕೆ ಕಳಿಸಿದರು. ಫೈನಲಿನಲ್ಲಿ ದಕ್ಷಿಣ ಕೊರಿಯದ ಮೇಲೆ ಗೆದ್ದದ್ದು 2-1ರಿಂದ. ಒಂದು ಗೋಲು ಪಿ.ಕೆ. ಬ್ಯಾನರ್ಜಿಯವರದು, ಇನ್ನೊಂದು ಜರ್ನೈಲರದು. ಮರುವರ್ಷ ಜೂನಿನಲ್ಲಿ ರಹೀಮ್ ಕ್ಯಾನ್ಸರಿನಿಂದ ತೀರಿಕೊಂಡರು.

ಸ್ಪೇನಿನಲ್ಲೂ ಇಂಥ ಯೋಚನೆ ಬೆಳೆಯಿತು. ವೃತ್ತದಂತೆ ನಿಂತ ಹುಡುಗರು ಚೆಂಡನ್ನು ದಾಟಿಸುವುದು, ನಡುವಿನವರು ಕಸಿಯಲು ನೋಡುವುದು, ಇದು ಅಲ್ಲಿನ ರೊಂಡೊ ಆಟ. 1970ರ ದಶಕದಲ್ಲಿ ಲೌರೇನೊ ರೂಯಿಸ್ ಇದನ್ನು ಬಾರ್ಸಿಲೋನದ ಕಿರಿಯರಿಗೆ ಕಲಿಸಿದರು. 1988ರಲ್ಲಿ ತರಬೇತುದಾರರಾಗಿ ಬಂದ ಯೋಹಾನ್ ಕ್ರೈಫ್ ಅದನ್ನು ಅಭ್ಯಾಸದ ಜೀವಾಳವಾಗಿಸಿದರು. ರೊಂಡೊ ಲೋಕಪ್ರಸಿದ್ಧವಾಯಿತು. ಹೈದರಾಬಾದಿನ ಮಾಸ್ತರರ ಹೆಸರು ನಮ್ಮ ಮಕ್ಕಳಿಗೇ ತಿಳಿಯದು.

ನಮ್ಮ ಕಾಲೊನಿಯ ಮೈದಾನದಲ್ಲಿ ಭಾನುವಾರ ಮಕ್ಕಳನ್ನು ಐದು ಸುತ್ತು ಓಡಿಸಿ, ಬಳಿಕ ರೇಷನ್ ಅಂಗಡಿಯಂತೆ ಸಾಲು ನಿಲ್ಲಿಸಿ ಒಬ್ಬೊಬ್ಬರಿಂದ ಒಂದೊಂದು ಬಾರಿ ಒದೆಸುತ್ತಾರೆ. ಒಮ್ಮೆ ಅವರು ಹೋದ ಮೇಲೆ ಡ್ರಿಬ್ಲಿಂಗ್ ಇಲ್ಲದ ಆಟವನ್ನು ಆಡಿಸಿ ನೋಡಿದೆವು. ಹತ್ತು ನಿಮಿಷ ಬರೀ ಜಗಳ. ಆಮೇಲೆ, ಓಡಲಾರನೆಂದು ಯಾವಾಗಲೂ ಗೋಲಿನಲ್ಲಿ ನಿಲ್ಲಿಸುತ್ತಿದ್ದ ದಪ್ಪ ಹುಡುಗನೊಬ್ಬನಿಗೆ ಚೆಂಡು ಮತ್ತೆ ಮತ್ತೆ ಹೋಗತೊಡಗಿತು. ಎಲ್ಲರಿಗೂ ಕಾಣುವ ಜಾಗದಲ್ಲಿ ಅವನು ನಿಂತಿದ್ದ.