ದುಡ್ಡು ಹೋಯಿತು, ಲೆಕ್ಕ ಎಲ್ಲಿ?

ಸರ್ಕಾರಿ ಕಚೇರಿಗಳಲ್ಲಿ ಇಂದು ಫೈಲಿಗೆ ‘ಕಡತ’ ಎನ್ನುತ್ತಾರೆ. ಮೊದಲು ಅದು ಬಟ್ಟೆಯಾಗಿತ್ತು. ಹತ್ತಿಬಟ್ಟೆಗೆ ಹುಣಸೆಬೀಜದ ಅಂಟು ಬಳಿದು, ಇದ್ದಿಲಿನಿಂದ ಕಪ್ಪು ಮಾಡಿ, ಒಣಗಿದ ಮೇಲೆ ಪುಸ್ತಕದಂತೆ ಮಡಿಚುತ್ತಿದ್ದರು. ಬರೆಯುವುದು ಬಳಪದಲ್ಲಿ. ಕನ್ನಡನಾಡಿನ ವ್ಯಾಪಾರಿಗಳು ಲೆಕ್ಕ ಇಡುತ್ತಿದ್ದದ್ದು ಇದರಲ್ಲೇ. ಶೃಂಗೇರಿ ಮಠದಲ್ಲಿ ಇಂಥ ನೂರಾರು ಕಡತಗಳು ಸಿಕ್ಕಿವೆ. ಮಠದ ಆಯವ್ಯಯ, ಶಾಸನಗಳ ನಕಲು ಅವುಗಳಲ್ಲಿವೆ. ಅಂಗಡಿಯ ಕಡತಕ್ಕೆ ಒಂದು ಅನುಕೂಲವಿತ್ತು: ದುಡ್ಡು ಎಣಿಸಿಕೊಂಡ ಕೈಯೇ ಲೆಕ್ಕವನ್ನೂ ಬರೆಯುತ್ತಿತ್ತು. ತಪ್ಪಾದರೆ ಒರೆಸಿ ಬರೆದರಾಯಿತು.

ಚೆಕ್ಕು ಬಂದ ಮೇಲೆ ಆ ಎರಡು ಕೆಲಸಗಳು ಬೇರೆ ಬೇರೆ ಕೈಗೆ ಹೋದವು. ಮುಂಬೈಯಲ್ಲಿ ಬ್ಯಾಂಕುಗಳ ಗುಮಾಸ್ತರು ಚೆಕ್ಕಿನ ಕಟ್ಟುಗಳನ್ನು ಹೊತ್ತುಕೊಂಡು ಕ್ಲಿಯರಿಂಗ್ ಹೌಸಿಗೆ ಹೋಗಿ ಬದಲಾಯಿಸಿಕೊಳ್ಳುತ್ತಿದ್ದರು. ಕೊನೆಗೆ ಉಳಿಯುವುದು ಒಂದೇ ಪ್ರಶ್ನೆ: ಎಲ್ಲ ಕಳೆದು ಕೂಡಿದ ಮೇಲೆ ಯಾವ ಬ್ಯಾಂಕು ಎಷ್ಟು ಕೊಡಬೇಕು? 1980ರ ದಶಕದಲ್ಲಿ ಕಾಂತೀಯ ಶಾಯಿಯ ಅಂಕಿಗಳನ್ನು ಓದುವ ಯಂತ್ರಗಳು ಬಂದು ಕೆಲಸ ಚುರುಕಾಯಿತು. ಆದರೆ ಒಂದು ಬ್ಯಾಂಕಿನ ಪುಸ್ತಕಕ್ಕೂ ಇನ್ನೊಂದರ ಪುಸ್ತಕಕ್ಕೂ ತಾಳೆ ನೋಡುವ ಕಷ್ಟ ಹೋಗಲಿಲ್ಲ. ಚೆಕ್ಕಿನ ಕಾಲದಲ್ಲಿ ಅದಕ್ಕೆ ಎರಡು ದಿನ ಹಿಡಿದರೂ ಯಾರೂ ಗದ್ದಲ ಮಾಡುತ್ತಿರಲಿಲ್ಲ, ಅಷ್ಟೆ.

ಈ ಕಷ್ಟದ ಈಗಿನ ವಿಳಾಸ ಬಾಂದ್ರಾ. ಮೀಠಿ ನದಿಯ ಪಕ್ಕದ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿ ಎನ್‌ಪಿಸಿಐ, ಅಂದರೆ ಭಾರತೀಯ ರಾಷ್ಟ್ರೀಯ ಪಾವತಿ ನಿಗಮ ಇದೆ. 2007ರ ಪಾವತಿ ಕಾಯ್ದೆಯ ಅಡಿಯಲ್ಲಿ, ರಿಸರ್ವ್ ಬ್ಯಾಂಕ್ ಮತ್ತು ಬ್ಯಾಂಕುಗಳ ಸಂಘ ಸೇರಿ 2008ರಲ್ಲಿ ಹುಟ್ಟುಹಾಕಿದ, ಲಾಭದ ಉದ್ದೇಶವಿಲ್ಲದ ಕಂಪನಿ ಇದು. ಬಂಡವಾಳ ಹಾಕಿದ ಮೊದಲ ಹತ್ತು ಬ್ಯಾಂಕುಗಳಲ್ಲಿ 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕೂ ಒಂದು. 2016ರ ಏಪ್ರಿಲ್ 11ರಂದು ಇದೇ ಸಂಸ್ಥೆಯ ಯುಪಿಐಯನ್ನು ರಘುರಾಮ್ ರಾಜನ್ ಮುಂಬೈಯಲ್ಲಿ ಉದ್ಘಾಟಿಸಿದಾಗ ಜೊತೆಗಿದ್ದದ್ದು 21 ಬ್ಯಾಂಕುಗಳು. 2019ರ ಅಕ್ಟೋಬರ್‌ನಲ್ಲಿ ತಿಂಗಳಿಗೆ 100 ಕೋಟಿ ವಹಿವಾಟು ದಾಟಿತು, 2023ರ ಆಗಸ್ಟ್‌ನಲ್ಲಿ 1,000 ಕೋಟಿ.

ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದ ಇಪ್ಪತ್ತು ರೂಪಾಯಿ ಹೋಗುವ ದಾರಿ ಉದ್ದ. ಆ್ಯಪ್, ಆ್ಯಪಿನ ಹಿಂದಿನ ಬ್ಯಾಂಕು, ಎನ್‌ಪಿಸಿಐಯ ಸ್ವಿಚ್ಚು, ಕೊಡುವವರ ಬ್ಯಾಂಕು, ಪಡೆಯುವವರ ಬ್ಯಾಂಕು. ಪ್ರತಿಯೊಬ್ಬರೂ ತಮ್ಮ ತಮ್ಮ ಕಡತದಲ್ಲಿ ಬರೆದುಕೊಳ್ಳುತ್ತಾರೆ. ಎಲ್ಲವನ್ನೂ ಪೋಣಿಸುವ ದಾರ 12 ಅಂಕಿಯ ಒಂದು ಉಲ್ಲೇಖ ಸಂಖ್ಯೆ. ಕೊಡುವವರ ಖಾತೆಯಿಂದ ಹಣ ಕಡಿತವಾಗಿ, ಪಡೆಯುವವರ ಬ್ಯಾಂಕು ಹೊತ್ತಿಗೆ ಸರಿಯಾಗಿ ಉತ್ತರಿಸದಿದ್ದರೆ ಸ್ವಿಚ್ಚು ಅದನ್ನು ‘ಡೀಮ್ಡ್’ ಎಂದು ಗುರುತಿಸುತ್ತದೆ. ಜಮೆಯಾಗಿದೆ ಎಂದಲ್ಲ, ಆಗಿಲ್ಲ ಎಂದೂ ಅಲ್ಲ. ಆಗಿದೆ ಎಂದು ಸದ್ಯಕ್ಕೆ ಭಾವಿಸೋಣ ಎಂದು. ಲೆಕ್ಕದ ಪುಸ್ತಕದಲ್ಲಿ ಇಂಥದೊಂದು ಕ್ರಿಯಾಪದಕ್ಕೆ ಜಾಗ ಸಿಕ್ಕಿದ್ದೇ ಸೋಜಿಗ. ಅದು ನಿಜವೋ ಸುಳ್ಳೋ ಗೊತ್ತಾಗುವುದು ಆಮೇಲೆ, ಎರಡೂ ಕಡೆಯ ದಾಖಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ.

ಹಾಗೆ ಇಟ್ಟು ನೋಡುವ ಜಾಗವೇ ಡೇಟಾ ವೇರ್‌ಹೌಸ್. ಕನ್ನಡದಲ್ಲಿ ‘ದತ್ತಾಂಶ ಉಗ್ರಾಣ’ ಎಂದು ಬರೆಯುವವರಿದ್ದಾರೆ. ತಪ್ಪೇನಲ್ಲ, ಕಣಜ ಎಂದರೂ ನಡೆದೀತು. ಆದರೆ ಇದು ತುಂಬಿಡುವ ಜಾಗಕ್ಕಿಂತ ಹೆಚ್ಚಾಗಿ ಪ್ರಶ್ನೆ ಕೇಳುವ ಜಾಗ. ಐಬಿಎಂನ ಬ್ಯಾರಿ ಡೆವ್ಲಿನ್ ಮತ್ತು ಪಾಲ್ ಮರ್ಫಿ 1988ರ ಲೇಖನವೊಂದರಲ್ಲಿ ಇದರ ನಕ್ಷೆ ಕೊಟ್ಟರು. ಗಿರಾಕಿಗಳು ಸಾಲು ನಿಂತಿರುವಾಗ ಗಲ್ಲಾಪೆಟ್ಟಿಗೆ ಮುಚ್ಚಿ ವರ್ಷದ ಲೆಕ್ಕ ನೋಡಲು ಕೂರಲಾಗದು. ಅದಕ್ಕೆ ಗಲ್ಲಾದ ನಕಲು ಬೇರೆ ಕಡೆ ಬೇಕು.

ನಕಲು ತರುವುದು ಕೇಳಲು ಸುಲಭ. ಆನ್‌ಲೈನ್ ಅಂಗಡಿಗೆ ಪಾವತಿ ವೇದಿಕೆಯಿಂದ ಪ್ರತಿ ವ್ಯವಹಾರಕ್ಕೂ ಒಂದು ಸಂದೇಶ ಬರುತ್ತದೆ. ತಲುಪಿತೋ ಇಲ್ಲವೋ ಎಂಬ ಅನುಮಾನವಿದ್ದರೆ ಅದೇ ಸಂದೇಶ ಮತ್ತೊಮ್ಮೆ ಬರುತ್ತದೆ. ಗುರುತು ಹಿಡಿಯದೆ ಎರಡನ್ನೂ ಬರೆದುಕೊಂಡರೆ ಇಪ್ಪತ್ತು ರೂಪಾಯಿ ನಲವತ್ತಾಯಿತು. ಹಣವಾದರೋ ಮರುದಿನ ಒಟ್ಟಾಗಿ ಬ್ಯಾಂಕಿಗೆ ಬೀಳುತ್ತದೆ. ಅದರಲ್ಲಿ ಕ್ರೆಡಿಟ್ ಕಾರ್ಡಿನ ಶುಲ್ಕ ಕಳೆದಿರುತ್ತದೆ. ಯುಪಿಐ ಮತ್ತು ರೂಪೇ ಡೆಬಿಟ್ ಕಾರ್ಡಿಗೆ 2020ರ ಜನವರಿ 1ರಿಂದ ವ್ಯಾಪಾರಿಯ ಶುಲ್ಕವಿಲ್ಲ, ಅದು ಪೂರ್ತಿ ಬಂದಿರುತ್ತದೆ. ಹೋದ ತಿಂಗಳ ಮಾರಾಟದ ಮರುಪಾವತಿಯೊಂದು ಈ ತಿಂಗಳ ಮೊತ್ತದಲ್ಲಿ ಕಳೆದಿರಲೂಬಹುದು. ರಾತ್ರಿ 11.58ರ ಮಾರಾಟ ಅಂಗಡಿಯ ಪುಸ್ತಕದಲ್ಲಿ ಇಂದಿನದು, ಇತ್ಯರ್ಥದ ಪಟ್ಟಿಯಲ್ಲಿ ನಾಳೆಯದು. ಉಗ್ರಾಣದಲ್ಲಿ ಬಳಪದ ಹಾಗೆ ಒರೆಸುವಂತೆಯೂ ಇಲ್ಲ. ತಪ್ಪಿದ್ದರೆ ಅದನ್ನು ಹಾಗೇ ಉಳಿಸಿ, ಕೆಳಗೆ ಎದುರು ನಮೂದು ಹಾಕಬೇಕು.

ಈ ಉಗ್ರಾಣ ಯಾವ ನೆಲದ ಮೇಲಿರಬೇಕು ಎಂಬುದು 2018ರ ತನಕ ದೊಡ್ಡ ಪ್ರಶ್ನೆಯಾಗಿರಲಿಲ್ಲ. ಆ ವರ್ಷದ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿತು: ಪಾವತಿಗೆ ಸಂಬಂಧಿಸಿದ ಇಡೀ ದತ್ತಾಂಶ ಭಾರತದಲ್ಲಿ ಮಾತ್ರ ಇರಬೇಕು, ಆರು ತಿಂಗಳ ಗಡುವು. 2019ರ ಜೂನ್‌ನ ವಿವರಣೆ ಇನ್ನಷ್ಟು ಬಿಗಿಯಾಗಿತ್ತು. ವಿದೇಶದಲ್ಲಿ ಸಂಸ್ಕರಿಸಿದರೂ ಒಂದು ಕೆಲಸದ ದಿನ ಅಥವಾ 24 ಗಂಟೆ, ಯಾವುದು ಮೊದಲೋ ಅಷ್ಟರೊಳಗೆ ಅಲ್ಲಿ ಅಳಿಸಿ ಇಲ್ಲಿಗೆ ತರಬೇಕು. ವಾಟ್ಸ್ಆ್ಯಪ್ 2018ರ ಫೆಬ್ರುವರಿಯಲ್ಲೇ ಪಾವತಿಯ ಪ್ರಯೋಗ ಆರಂಭಿಸಿತ್ತು. ಬಾಂದ್ರಾದಿಂದ ಒಪ್ಪಿಗೆ ಸಿಕ್ಕಿದ್ದು 2020ರ ನವೆಂಬರ್ 5ರಂದು, ಅದೂ 2 ಕೋಟಿ ಬಳಕೆದಾರರ ಮಿತಿಯೊಂದಿಗೆ. ಹಣ ಕಳಿಸುವ ತಂತ್ರ ಸಿದ್ಧವಿತ್ತು, ಲೆಕ್ಕ ಇಡುವ ಜಾಗದ ಮಾತು ಮುಗಿದಿರಲಿಲ್ಲ. 2021ರ ಜುಲೈ 22ರಿಂದ ಮಾಸ್ಟರ್‌ಕಾರ್ಡ್ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳುವಂತಿರಲಿಲ್ಲ. ಆ ನಿರ್ಬಂಧ ತೆರವಾಗಲು ಮರುವರ್ಷದ ಜೂನ್ ಬೇಕಾಯಿತು.

ಪತ್ರಿಕೆಗಳು ಬರೆದದ್ದು ಹೆಚ್ಚಾಗಿ ಇದನ್ನೇ. ಆದರೆ ಹಣ ಸಿಕ್ಕಿಹಾಕಿಕೊಂಡ ಸಾಮಾನ್ಯ ಮನುಷ್ಯನಿಗೆ ಉಗ್ರಾಣ ಯಾವ ದೇಶದಲ್ಲಿದ್ದರೇನು? ಅವನಿಗೆ ಬೇಕಿದ್ದದ್ದು ತಾಳೆ ಬೇಗ ಆಗುವುದು. ಆ ಆದೇಶ ಹೆಚ್ಚು ಸದ್ದಿಲ್ಲದೆ 2019ರ ಸೆಪ್ಟೆಂಬರ್ 20ರಂದು ಬಂತು. ಯುಪಿಐಯಲ್ಲಿ ಒಬ್ಬರ ಖಾತೆಯಿಂದ ಕಡಿತವಾಗಿ ಇನ್ನೊಬ್ಬರಿಗೆ ಜಮೆಯಾಗದಿದ್ದರೆ ಮರುದಿನದೊಳಗೆ ತಾನಾಗಿಯೇ ವಾಪಸಾಗಬೇಕು. ವ್ಯಾಪಾರಿಗೆ ಕೊಟ್ಟದ್ದಾದರೆ ಐದು ದಿನ. ತಡವಾದರೆ ದಿನಕ್ಕೆ ₹100 ಪರಿಹಾರ. ಅಲ್ಲಿಯವರೆಗೆ ತಾಳೆಯಾಗದ ಸಾಲು ಗುಮಾಸ್ತರ ತಲೆನೋವಾಗಿತ್ತು, ಅಂದಿನಿಂದ ಅದು ಬ್ಯಾಂಕಿನ ಸಾಲವಾಯಿತು. ಗ್ರಾಹಕರು ದೂರು ಕೊಡುವುದನ್ನು ಕಾಯಬೇಡಿ, ನೀವೇ ಹುಡುಕಿ ಕೊಡಿ ಎಂದೂ ಅದರಲ್ಲಿತ್ತು. ಹಾಗೆ ಹುಡುಕಬೇಕಾದರೆ ಪ್ರತಿ ಸಂಜೆ ಎರಡು ಪುಸ್ತಕಗಳನ್ನು ತೆರೆದಿಟ್ಟು, 12 ಅಂಕಿಗಳನ್ನು ಹಿಡಿದು, ಒಂದೊಂದೇ ಸಾಲು ಕೂಡಿಸುತ್ತ ಹೋಗಬೇಕು.