ಶೀತಕದ ಸೋರಿಕೆ ಹಿಡಿದ ಬಗೆ

ಹವಾನಿಯಂತ್ರಣ ಯಂತ್ರದ ಕೊಳವೆಗಳೊಳಗೆ ಸುತ್ತುತ್ತ, ಒಂದೆಡೆ ಆವಿಯಾಗಿ ಶಾಖವನ್ನು ಹೀರಿ ಇನ್ನೊಂದೆಡೆ ದ್ರವವಾಗಿ ಅದನ್ನು ಹೊರಗೆ ಬಿಡುವ ವಸ್ತುವಿಗೆ ಶೀತಕ ಎಂದು ಹೆಸರು; ರಿಪೇರಿ ಮಾಡುವವರ ಬಾಯಲ್ಲಿ ಅದು ಬರೀ ಗ್ಯಾಸ್. ಎಲ್ಲ ಕಡೆ ಮುಚ್ಚಿದ ಕೊಳವೆಯಲ್ಲಿರುವ ಈ ವಸ್ತು ಬಳಸಿದಷ್ಟೂ ಖರ್ಚಾಗುವಂಥದ್ದಲ್ಲ. ಆದ್ದರಿಂದ ಅದು ಕಡಿಮೆಯಾಗಿದೆಯೆಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಪ್ರತಿ ಬೇಸಿಗೆಗೂ ಗ್ಯಾಸ್ ತುಂಬಿಸಿಕೊಳ್ಳುವುದು ವಾಡಿಕೆಯ ಕೆಲಸವೆಂಬ ನಂಬಿಕೆಗೆ ಆಧಾರವಿಲ್ಲ. ಸೋರುವ ಜಾಗವನ್ನು ಕಂಡುಹಿಡಿಯುವ ಉಪಾಯಗಳ ಚರಿತ್ರೆಯನ್ನು ಗಮನಿಸಿದರೆ, ಹೆಚ್ಚಿನವು ತಮ್ಮ ಕಾಲದ ಶೀತಕದ ಯಾವುದೋ ಒಂದು ಗುಣವನ್ನು ನೆಚ್ಚಿಕೊಂಡು ಹುಟ್ಟಿ, ಶೀತಕ ಬದಲಾದೊಡನೆ ಮೂಲೆ ಸೇರಿದವು ಎಂಬುದು ಗೋಚರಿಸುತ್ತದೆ.

ಹತ್ತೊಂಬತ್ತನೆಯ ಶತಮಾನದ ಮಂಜುಗಡ್ಡೆ ಕಾರ್ಖಾನೆಗಳಲ್ಲಿ ಅಮೋನಿಯಾ, ಆಮೇಲೆ ಬಂದ ಮನೆಬಳಕೆಯ ಶೈತ್ಯಪೆಟ್ಟಿಗೆಗಳಲ್ಲಿ ಗಂಧಕದ ಡೈಆಕ್ಸೈಡ್ ಬಳಕೆಯಲ್ಲಿದ್ದಾಗ ಸೋರಿಕೆಯ ಸುದ್ದಿಯನ್ನು ಮೂಗೇ ತಿಳಿಸುತ್ತಿತ್ತು. ಜಾಗವನ್ನು ಗುರುತಿಸಲು ಮಾತ್ರ ಬೇರೆ ಉಪಾಯ ಬೇಕಾಗುತ್ತಿತ್ತು. ಅಮೋನಿಯಾ ಸೋರುವ ಕೀಲಿನ ಬಳಿ ಗಂಧಕದ ಕಡ್ಡಿಯನ್ನು ಉರಿಸಿದರೆ ಬಿಳಿಯ ಹೊಗೆ ಏಳುತ್ತಿತ್ತು, ಗಂಧಕದ ಡೈಆಕ್ಸೈಡ್ ಸೋರುವೆಡೆ ಅಮೋನಿಯಾದಲ್ಲಿ ಅದ್ದಿದ ಬಟ್ಟೆಯನ್ನು ಹಿಡಿದರೂ ಅದೇ ಹೊಗೆ ಕಾಣುತ್ತಿತ್ತು. ಹೀಗೆ ಒಂದು ವಿಷ ಇನ್ನೊಂದರ ಪತ್ತೇದಾರನಾಗಿದ್ದ ಕಾಲ ಅದು. ಮೀಥೈಲ್ ಕ್ಲೋರೈಡ್ ಮಾತ್ರ ಈ ಲೆಕ್ಕಕ್ಕೆ ಸಿಗಲಿಲ್ಲ: ಅದರ ವಾಸನೆ ನಸುಸಿಹಿ, ಯಾರನ್ನೂ ಎಚ್ಚರಿಸದಷ್ಟು ಮೃದು. 1920ರ ದಶಕದ ಕೊನೆಯಲ್ಲಿ ಶಿಕಾಗೋದಲ್ಲಿ ಹಲವರು ಈ ಅನಿಲಕ್ಕೆ ಬಲಿಯಾದ ಮೇಲೆ, ಕಣ್ಣುರಿಸುವ ಅಕ್ರೋಲೀನನ್ನು ಅದರಲ್ಲಿ ಬೆರೆಸಿ ಸೋರಿಕೆ ತಾನಾಗಿ ತಿಳಿಯುವಂತೆ ಮಾಡುವ ಪ್ರಯತ್ನವೂ ನಡೆಯಿತು.

ಈ ಭಯಕ್ಕೆ ಉತ್ತರವಾಗಿ ಜನರಲ್ ಮೋಟಾರ್ಸ್ ಸಂಸ್ಥೆಯ ಥಾಮಸ್ ಮಿಜ್ಲಿ ಮತ್ತು ಸಂಗಡಿಗರು ರೂಪಿಸಿದ, ಕ್ಲೋರಿನ್ ಹಾಗೂ ಫ್ಲೋರಿನ್ ಎರಡನ್ನೂ ಹೊಂದಿದ ಇಂಗಾಲದ ಸಂಯುಕ್ತವು ಫ್ರಿಯಾನ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂತು. 1930ರಲ್ಲಿ ಮಿಜ್ಲಿ ರಸಾಯನಶಾಸ್ತ್ರಜ್ಞರ ಸಭೆಯೊಂದರಲ್ಲಿ ಅದನ್ನು ಉಸಿರಿಗೆಳೆದುಕೊಂಡು, ಹೊರಬಿಟ್ಟ ಉಸಿರಿನಿಂದ ಮೇಣದಬತ್ತಿಯನ್ನು ಆರಿಸಿ, ಅದು ವಿಷವೂ ಅಲ್ಲ, ಉರಿಯುವುದೂ ಇಲ್ಲ ಎಂದು ತೋರಿಸಿದರು. ಅಪಾಯದ ಜೊತೆಗೆ ವಾಸನೆಯೂ ಹೋಯಿತೆಂಬ ಸಂಗತಿ ಆ ಪ್ರದರ್ಶನದಲ್ಲಿ ಯಾರಿಗೂ ಹೊಳೆದಿರಲಾರದು. ಆದರೆ ರಿಪೇರಿಯವರ ಪಾಲಿಗೆ ಅದೇ ದೊಡ್ಡ ತೊಡಕಾಯಿತು.

ಆ ತೊಡಕಿಗೆ ಒದಗಿ ಬಂದದ್ದು ರಸಾಯನಶಾಸ್ತ್ರದ ಹಳೆಯ ಪರೀಕ್ಷೆಯೊಂದು. ಕಾದ ತಾಮ್ರದೊಡನೆ ಕ್ಲೋರಿನ್‌ನಂಥ ಹ್ಯಾಲೋಜನ್ ವಸ್ತು ಸೇರಿದರೆ ಜ್ವಾಲೆ ಹಸಿರಾಗುತ್ತದೆಂದು ಫ್ರೀಡ್ರಿಶ್ ಬೈಲ್‌ಸ್ಟೈನ್ 1872ರಲ್ಲಿ ವಿವರಿಸಿದ್ದ. ಇದನ್ನೇ ಆಧರಿಸಿದ ಹ್ಯಾಲೈಡ್ ದೀಪದಲ್ಲಿ, ಜ್ವಾಲೆಗೆ ಬೇಕಾದ ಗಾಳಿಯನ್ನು ಉದ್ದನೆಯ ರಬ್ಬರ್ ಕೊಳವೆಯೊಂದು ಎಳೆದುಕೊಳ್ಳುತ್ತಿದ್ದು, ಕೆಲಸಗಾರನು ಅದರ ತುದಿಯನ್ನು ಕೀಲಿನಿಂದ ಕೀಲಿಗೆ ಒಯ್ಯುತ್ತ, ತಾಮ್ರದ ತಟ್ಟೆಯ ಮೇಲಿನ ಜ್ವಾಲೆಯ ಬಣ್ಣವನ್ನು ನೋಡುತ್ತಿದ್ದ. ಅಗ್ಗದ, ಬ್ಯಾಟರಿ ಬೇಡದ ಈ ಸಾಧನ ದಶಕಗಳ ಕಾಲ ಕಾರ್ಯಾಗಾರಗಳನ್ನು ಆಳಿತು. ವಿಷವಲ್ಲವೆಂದು ಹೆಸರಾದ ಶೀತಕ ಅದೇ ಜ್ವಾಲೆಯಲ್ಲಿ ಒಡೆದು ಫಾಸ್ಜೀನ್ ಎಂಬ ಘೋರ ವಿಷದ ಅಲ್ಪಾಂಶವನ್ನು ಹುಟ್ಟಿಸುತ್ತಿದ್ದುದು ವಿಪರ್ಯಾಸ. ಬಿಸಿಲಿನಲ್ಲಿ ಜ್ವಾಲೆಯ ತಿಳಿಹಸಿರು ಕಾಣುವುದೂ ಕಷ್ಟವಾಗಿತ್ತು.

ಎರಡನೆಯ ಮಹಾಯುದ್ಧದ ನಂತರ ಜನರಲ್ ಎಲೆಕ್ಟ್ರಿಕ್ ಸಂಸ್ಥೆ ತಂದ ಉಪಕರಣದಲ್ಲಿ ಕಣ್ಣಿನ ಕೆಲಸವನ್ನು ವಿದ್ಯುತ್ತು ವಹಿಸಿಕೊಂಡಿತು: ಕಾದ ಪ್ಲಾಟಿನಂ ಮೇಲ್ಮೈಗೆ ಹ್ಯಾಲೋಜನ್ ಆವಿ ತಾಗಿದರೆ ಅದರಿಂದ ಹೊರಡುವ ವಿದ್ಯುದಾವೇಶದ ಕಣಗಳು ಹೆಚ್ಚಿ, ಮಾಪಕದ ಮುಳ್ಳು ಏಳುತ್ತಿತ್ತು. ಕಿಡಿಯಂಥ ವಿಸರ್ಜನೆಯನ್ನು ಬಳಸುವ ಅಗ್ಗದ ಕೈಉಪಕರಣಗಳು ಮುಂದೆ ಬಂದವು. ಇತ್ತ 1957ರಲ್ಲಿ ಜೇಮ್ಸ್ ಲವ್‌ಲಾಕ್ ರೂಪಿಸಿದ ಇನ್ನೊಂದು ಬಗೆಯ ಶೋಧಕವು 1971-72ರ ಅಟ್ಲಾಂಟಿಕ್ ಯಾನದಲ್ಲಿ ನಡುಗಡಲಿನ ಗಾಳಿಯಲ್ಲೂ ಇಂಥ ಸಂಯುಕ್ತವನ್ನು ಪತ್ತೆಮಾಡಿದಾಗ, ಸೋರಿಹೋದದ್ದು ವಾಯುಮಂಡಲದಲ್ಲೇ ಉಳಿದಿದೆಯೆಂಬುದು ಸ್ಪಷ್ಟವಾಯಿತು. ಓಜೋನ್ ಪದರಕ್ಕೆ ಅದರಿಂದಾಗುವ ಹಾನಿಯನ್ನು 1974ರಲ್ಲಿ ಮೊಲಿನಾ ಮತ್ತು ರೋಲ್ಯಾಂಡ್ ಮುಂದಿಟ್ಟರು. ಇಂಥ ಸಂಯುಕ್ತಗಳನ್ನು ಕೈಬಿಡುವತ್ತ 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು.

ಪರಿಣಾಮವಾಗಿ ಬಂದ ಆರ್-134ಎ ಶೀತಕದಲ್ಲಿ ಕ್ಲೋರಿನ್ ಇಲ್ಲದ ಕಾರಣ ಹ್ಯಾಲೈಡ್ ದೀಪ ಒಮ್ಮೆಲೇ ಕುರುಡಾಯಿತು, ಕ್ಲೋರಿನ್ನಿಗೆ ಹೊಂದಿಸಿದ್ದ ಹಳೆಯ ವಿದ್ಯುತ್ ಉಪಕರಣಗಳೂ ಮಂದವಾದವು. ಇಂದು ಕೊಳ್ಳುವವರ ಮುಂದಿರುವ ಆಯ್ಕೆ ಮುಖ್ಯವಾಗಿ ಎರಡು. ಕಾದ ಡಯೋಡ್ ಸಂವೇದಕ ಬಹಳ ಸೂಕ್ಷ್ಮ, ಆದರೆ ಎಣ್ಣೆ, ತೇವ ತಾಗಿ ಬೇಗ ಸವೆಯುವಂಥದ್ದು. ಇಂಗಾಲ-ಫ್ಲೋರಿನ್ ಬಂಧವು ಹೀರುವ ಅವಕೆಂಪು ಬೆಳಕನ್ನು ಅಳೆಯುವ ಸಂವೇದಕ ಹೆಚ್ಚು ಕಾಲ ಬಾಳುತ್ತದೆ, ಸುಳ್ಳು ಎಚ್ಚರಿಕೆಯೂ ಕಡಿಮೆ. ವಾಹನಗಳ ಕೆಲಸಕ್ಕೆ 2007ರಲ್ಲಿ ಬಂದ ಅಮೆರಿಕದ ಎಸ್‌ಎಇ ಮಾನದಂಡ ವರ್ಷಕ್ಕೆ 4 ಗ್ರಾಂ ಸೋರಿಕೆಯನ್ನೂ ಹಿಡಿಯಬೇಕೆಂದು ಕೇಳುತ್ತದೆ. ಭಾರತದ ಮನೆಗಳಿಗೆ ಬಂದಿರುವ ಆರ್-32 ಮತ್ತು ಆರ್-290 ಶೀತಕಗಳು ಉರಿಯಬಲ್ಲವಾದ್ದರಿಂದ, ಅವುಗಳ ಬಳಿ ಜ್ವಾಲೆ ನಿಷಿದ್ಧ, ಉಪಕರಣವೂ ಆ ಅನಿಲಕ್ಕೆ ತಕ್ಕದ್ದೆಂದು ಪ್ರಮಾಣಿತವಾಗಿರಬೇಕು. ಪ್ರೊಪೇನ್ ಆದ ಆರ್-290ರಲ್ಲಿ ಹ್ಯಾಲೋಜನ್ ಇಲ್ಲದ ಕಾರಣ ಹ್ಯಾಲೋಜನನ್ನೇ ಅರಸುವ ಸಂವೇದಕದಿಂದ ಅದಕ್ಕೆ ಪ್ರಯೋಜನವೂ ಇಲ್ಲ.

ಈ ಎಲ್ಲ ಬದಲಾವಣೆಗಳ ನಡುವೆಯೂ ಉಳಿದುಬಂದದ್ದು ಸಾಬೂನಿನ ನೊರೆಯೊಂದೇ. ಅದು ಅನಿಲದ ರಸಾಯನವನ್ನು ನೋಡುವುದಿಲ್ಲ, ಒಳಗಿನ ಒತ್ತಡವನ್ನಷ್ಟೇ ಗುಳ್ಳೆಯಾಗಿ ತೋರಿಸುತ್ತದೆ. ಕೂಗುವ ಉಪಕರಣ ಸೂಚಿಸಿದ ಕೀಲನ್ನು ಕಡೆಗೆ ಖಚಿತಪಡಿಸಿಕೊಳ್ಳುವುದು ಈಗಲೂ ನೊರೆಯಿಂದಲೇ. ತೀರ ನಿಧಾನದ ಸೋರಿಕೆಯಲ್ಲಿ ಮತ್ತು ಬ್ರಷ್ಷು ತಲುಪದ ಸುರುಳಿಯ ಒಳಭಾಗದಲ್ಲಿ ಮಾತ್ರ ಅದು ಸೋಲುತ್ತದೆ.